ಟಿ.ಸಿ. ಕೊಟ್ಟ ಮೇಲೆ ಹುಡುಗ ಎಲ್ಲಿಗೆ ಹೋಗಬೇಕು?

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಬೀದಿಯ ಒಂಬತ್ತನೇ ಕ್ಲಾಸಿನ ಹುಡುಗ ಬೈಕ್ ಕದ್ದು ಸಿಕ್ಕಿಬಿದ್ದ. ಸ್ಕೂಲಿನವರು ಟಿ.ಸಿ. ಕೊಟ್ಟು ಕಳಿಸಿದರು, ಸರಿಯಾಗೇ ಮಾಡಿದರು. ತಂದೆತಾಯಿ ನೆಟ್ಟಗಿದ್ದರೆ ಹೀಗಾಗುತ್ತಿತ್ತೆ? ಬೀದಿಯವರು, ಮೇಷ್ಟ್ರು ಏನು ಮಾಡೋಕಾಗುತ್ತೆ?’

ಮನೆಯ ಪಾಲು ಇದೆ, ಒಪ್ಪಿದೆ. ಆದರೆ ನಮ್ಮ ಅಚ್ಚಿನ ತಪ್ಪುಗಳನ್ನು ತಿಂಗಳು ತಿಂಗಳೂ ಹುಡುಕಿ ಕಳಿಸುವ ನೀವು, ಇಲ್ಲಿ ಇಷ್ಟು ಬೇಗ ತೀರ್ಪು ಕೊಟ್ಟುಬಿಟ್ಟಿರಲ್ಲ!

ಶಿಕಾಗೋದಲ್ಲಿ ಕ್ಲಿಫರ್ಡ್ ಶಾ, ಹೆನ್ರಿ ಮೆಕೆ ಅಂತ ಇಬ್ಬರು ಸಮಾಜಶಾಸ್ತ್ರಜ್ಞರಿದ್ದರು. ದಶಕಗಳ ಬಾಲಾಪರಾಧದ ದಾಖಲೆ ತೆಗೆದು, ಆ ಹುಡುಗರ ಮನೆಗಳನ್ನು ಊರಿನ ನಕ್ಷೆಯಲ್ಲಿ ಗುರುತಿಸಿದರು. ಪುಸ್ತಕ ಬಂದದ್ದು 1942ರಲ್ಲಿ. ಊರ ನಡುವಿನ ಬಡ ಕೇರಿಗಳಲ್ಲೇ ಗುರುತುಗಳು ಜಾಸ್ತಿ. ಅದೇನು ದೊಡ್ಡ ಮಾತಲ್ಲ. ಆ ಕೇರಿಗಳಿಂದ ಜರ್ಮನರು, ಐರಿಷರು ಹೋದರು. ಪೋಲೆಂಡಿನವರು, ಇಟಲಿಯವರು ಬಂದರು. ಸಂಸಾರಗಳು ಬದಲಾದರೂ ಪುಂಡಾಟ ಆ ಕೇರಿಗಳಲ್ಲೇ ಉಳಿಯಿತು. ಬಿಟ್ಟು ಹೋದವರಲ್ಲಿ ಕಡಿಮೆಯಾಯಿತು. ತಪ್ಪೆಲ್ಲ ತಂದೆತಾಯಿಯದೇ ಆಗಿದ್ದರೆ ಅದೂ ಗಂಟುಮೂಟೆ ಕಟ್ಟಿಕೊಂಡು ಅವರ ಜೊತೆಗೇ ಹೋಗಬೇಕಿತ್ತು, ಅಲ್ವಾ?

1990ರ ದಶಕದಲ್ಲಿ ಅದೇ ಊರಿನ 343 ಬಡಾವಣೆಗಳಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ತಂಡ ಜನರನ್ನು ಕೇಳಿತು: ಹುಡುಗರು ಸ್ಕೂಲು ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ಅಕ್ಕಪಕ್ಕದವರು ಹೋಗಿ ವಿಚಾರಿಸುತ್ತಾರಾ? ‘ವಿಚಾರಿಸ್ತಾರೆ’ ಅಂದ ಕಡೆ, ಒಬ್ಬರನ್ನೊಬ್ಬರು ನಂಬುವ ಕಡೆ, ಬಡತನವಿದ್ದರೂ ಹೊಡೆದಾಟ ಕಡಿಮೆಯಿತ್ತು.

ಇನ್ನು ಮೇಷ್ಟ್ರು. ಮನೋವೈದ್ಯ ಮೈಕೆಲ್ ರಟರ್ ಲಂಡನ್ನಿನ 12 ಹೈಸ್ಕೂಲುಗಳನ್ನು ನೋಡಿ 1979ರಲ್ಲಿ ಬರೆದರು. ಸೇರುವಾಗ ಮಕ್ಕಳು ಹೇಗಿದ್ದರು ಅನ್ನೋದನ್ನು ಲೆಕ್ಕಕ್ಕೆ ಹಿಡಿದರೂ, ಸ್ಕೂಲಿಂದ ಸ್ಕೂಲಿಗೆ ನಡತೆಯಲ್ಲಿ ತುಂಬಾ ಅಂತರವಿತ್ತು. ಕಟ್ಟಡ ಹಳೆಯದೋ ಹೊಸದೋ ಅನ್ನೋದು ಲೆಕ್ಕಕ್ಕೆ ಬರಲಿಲ್ಲ. ಮೇಷ್ಟ್ರು ಹೊತ್ತಿಗೆ ಸರಿಯಾಗಿ ಪಾಠ ಶುರುಮಾಡ್ತಾರಾ, ಶಭಾಷ್ ಅಂತಾರಾ, ಮಕ್ಕಳ ಕೈಗೆ ಜವಾಬ್ದಾರಿ ಕೊಡ್ತಾರಾ? ಇವು ಲೆಕ್ಕಕ್ಕೆ ಬಂದವು.

ನಮ್ಮಲ್ಲಿ? ಎಂಟನೇ ಕ್ಲಾಸಿನವರೆಗೆ ಮಗುವನ್ನು ಸ್ಕೂಲಿನಿಂದ ಹೊರಹಾಕುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಒಂಬತ್ತಕ್ಕೆ ಬಂದ ಕೂಡಲೇ ಕೆಲವು ಸ್ಕೂಲುಗಳಲ್ಲಿ ಟಿ.ಸಿ. ಪುಸ್ತಕ ಹೊರಗೆ ಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಅಂತ ಗೇಟಿಗೆ ಬ್ಯಾನರ್ ಕಟ್ಟಬೇಕಲ್ಲ! ಹೊರಬಿದ್ದವನು ಪಾರ್ಕಿಗೆ ಹೋದರೆ ‘ಇಲ್ಲಿ ಆಟ ಆಡಬಾರದು’ ಬೋರ್ಡು. ಮೈದಾನದ ತುಂಬಾ ಕಾರುಗಳು. ಅಂಗಡಿ ಕಟ್ಟೆಯ ಮೇಲೆ ಸುಮ್ನೆ ಕೂತರೂ ಯಾರೋ ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಪೊಲೀಸರಿಗೆ ಹೇಳಿ ಅಂತ ಕೆಳಗೆ ಸಾಲುಸಾಲು ಮೆಸೇಜು. ‘ಯಾರ ಮನೆ ಹುಡುಗ, ಊಟ ಆಯ್ತಾ’ ಅಂತ ಎದ್ದು ಹೋಗಿ ಕೇಳುವವರು ಆ ಗ್ರೂಪಿನಲ್ಲಿ ಒಬ್ಬರೂ ಇಲ್ಲ.