ಸಂಪಾದಕರ ಉತ್ತರ: ಜೊತೆಗೆ ಬಂದವರು ಎಲ್ಲಿ ಕೂರಬೇಕು?

ವಿರಾಜಪೇಟೆಯ ಓದುಗ ಮಿತ್ರರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಡವೆ ಅಂಗಡಿಯೊಂದರ ಜಾಹೀರಾತಿಗೆ ಚಿತ್ರ ತೆಗೆಯಲು ಮಾಂದಲಪಟ್ಟಿ ಬೆಟ್ಟಕ್ಕೆ ಹೊರಟ ದಿನ, ಒಬ್ಬರೇ ಬರುತ್ತಾರೆಂದು ನೀವು ತಿಳಿದಿದ್ದ ರೂಪದರ್ಶಿ ತಮಗೆ ಮದುವೆ ಗೊತ್ತಾದ ಹುಡುಗನನ್ನೂ ಅವನ ಇಬ್ಬರು ಗೆಳೆಯರನ್ನೂ ಕರೆತಂದರು. ಜೀಪಿನಲ್ಲಿ ಜಾಗ ಸಾಲದೆ ನಿಮ್ಮ ಸಹಾಯಕ ಅರ್ಧ ಸಾಮಾನಿನೊಂದಿಗೆ ಕೆಳಗೇ ಉಳಿಯಬೇಕಾಯಿತು. ಆ ಗೆಳೆಯರು ಮೊಬೈಲಿನಲ್ಲಿ ತೆಗೆದ ವಿಡಿಯೊ ಅದೇ ರಾತ್ರಿ ಇನ್‌ಸ್ಟಾಗ್ರಾಮಿಗೆ ಹೋಗಿ, ಹೊಸ ಮಾದರಿಯ ಸರ ಬಿಡುಗಡೆಗೆ ಮೊದಲೇ ಊರಿಗೆಲ್ಲ ಕಂಡಿತೆಂದು ಅಂಗಡಿಯವರು ಬಾಕಿ ಹಣ ತಡೆದಿದ್ದಾರೆ. ‘ಇನ್ನು ಮುಂದೆ ರೂಪದರ್ಶಿ ಒಬ್ಬರೇ ಬರಬೇಕೆಂದು ಷರತ್ತು ಹಾಕಿಬಿಡಲೇ?’ ಎಂದು ಕೇಳಿದ್ದೀರಿ.

ಬೇಡ ಎಂದೇ ಹೇಳುತ್ತೇನೆ. ಆದರೆ ನಿಮಗಾದ ನಷ್ಟ ಸಣ್ಣದಲ್ಲ, ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿಸ್ತರಿಸಿ ಬರೆಯುವುದು ನನ್ನ ಕರ್ತವ್ಯ.

ಸಂಪಾದಕನಾಗುವ ಮೊದಲು ನಾನೂ ಹಲವು ವರ್ಷ ಕ್ಯಾಮೆರಾ ಹೊತ್ತು ತೋಟ ಸುತ್ತಿದವನು. ಕಾಫಿ ಹೂವಿನ ಅವಸರ ನಿಮಗೆ ಗೊತ್ತೇ ಇದೆ: ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತದೆ, ಮತ್ತೆರಡು-ಮೂರು ದಿನಕ್ಕೆ ಬಾಡಿ ಕಂದು ತಿರುಗುತ್ತದೆ. ಸೋಮವಾರಪೇಟೆ ಕಡೆಯ ತೋಟವೊಂದರಲ್ಲಿ ಅಂಥದೊಂದು ಬೆಳಗನ್ನು ನಾನು ಪೂರ್ತಿ ಕಳೆದುಕೊಂಡೆ. ರೂಪದರ್ಶಿಯ ಅಣ್ಣ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರು ಒಳ್ಳೆಯವರೇ, ಒಂದು ಮಾತನ್ನೂ ಜೋರಾಗಿ ಆಡಲಿಲ್ಲ. ಆದರೆ ನಾನು ‘ಸ್ವಲ್ಪ ನಗಿ’ ಎಂದಾಗಲೆಲ್ಲ ಆಕೆಯ ಕಣ್ಣು ಲೆನ್ಸನ್ನು ಬಿಟ್ಟು ನನ್ನ ಹೆಗಲ ಮೇಲಿಂದ ಅಣ್ಣನ ಮುಖಕ್ಕೆ ಹೋಗಿ ಬರುತ್ತಿತ್ತು, ಅಷ್ಟರಲ್ಲಿ ನಗು ಆರಿರುತ್ತಿತ್ತು. ಬಿಸಿಲು ಬಲಿತು ಸಿಲ್ವರ್ ಮರಗಳ ನೆರಳು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳತೊಡಗಿದಾಗ ಕ್ಯಾಮೆರಾ ಚೀಲಕ್ಕೆ ಹಾಕಿದೆ. ಮತ್ತೆ ಹೋಗುವಷ್ಟರಲ್ಲಿ ಹೂವಿರಲಿಲ್ಲ. ಜೊತೆಗಾರರಿಂದ ಕೆಲಸ ಕೆಡುವುದು ಬಹುಪಾಲು ಹೀಗೆ, ಯಾವ ಜಗಳವೂ ಇಲ್ಲದೆ.

ಅಪಾಯ ಅಷ್ಟಕ್ಕೇ ನಿಲ್ಲುವುದಿಲ್ಲ. ಇರ್ಪು ಜಲಪಾತದಲ್ಲೋ ಮಲ್ಲಳ್ಳಿ ಜಲಪಾತದಲ್ಲೋ ಮಳೆಗಾಲದಲ್ಲಿ ಕೆಲಸ ಮಾಡುವಾಗ ನಮ್ಮ ಒಂದು ಕಣ್ಣು ವ್ಯೂಫೈಂಡರಿನಲ್ಲಿದ್ದರೆ ಇನ್ನೊಂದು ರೂಪದರ್ಶಿಯ ಕಾಲಿನ ಮೇಲಿರುತ್ತದೆ. ಮಾಡಲು ಕೆಲಸವಿಲ್ಲದೆ ಬೇಸತ್ತ ಗೆಳೆಯನೊಬ್ಬ ಸೆಲ್ಫಿಗಾಗಿ ಪಾಚಿ ಕಟ್ಟಿದ ಬಂಡೆಗೆ ಇಳಿದರೆ ಅವನನ್ನು ನೋಡಿಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ, ಕರೆದುಕೊಂಡು ಹೋದವರೆಂದು ಊರು ಕೇಳುವುದು ಮಾತ್ರ ನಮ್ಮನ್ನೇ.

ಇನ್ನು ವಿಡಿಯೊದ ವಿಷಯ. ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ತೆಗೆಸಿದವರದ್ದಾಗುತ್ತದೆ. ಆದರೆ ಅಂಗಡಿಯವರು ಹಣ ಕೊಡಲು ಒಪ್ಪಿದ್ದು ನಿಮ್ಮ ಚಿತ್ರಗಳಿಗೆ. ಪಕ್ಕದಲ್ಲಿ ನಿಂತ ಹುಡುಗ ತನ್ನ ಮೊಬೈಲಿನಲ್ಲಿ ತನ್ನಷ್ಟಕ್ಕೆ ತೆಗೆದದ್ದು ಆ ಒಪ್ಪಂದದೊಳಗೆ ಬರುವುದಿಲ್ಲ. ಆಮೇಲೆ ಅವನನ್ನು ಗದರಿಸಿ ಪ್ರಯೋಜನವಿಲ್ಲ. ‘ಚಿತ್ರ ತೆಗೆಯುವುದಿಲ್ಲ, ಎಲ್ಲಿಯೂ ಹಾಕುವುದಿಲ್ಲ’ ಎಂಬ ಎರಡು ಸಾಲಿಗೆ ಜೀಪು ಹತ್ತುವ ಮೊದಲೇ ಅವನ ಸಹಿ ಬೇಕಾಗಿತ್ತು.

ಇಷ್ಟೆಲ್ಲ ಇದ್ದೂ ನಾನು ನಿಷೇಧ ಬೇಡವೆನ್ನುವುದೇಕೆ? ನಮ್ಮ ಜಿಲ್ಲೆಯ ತೋಟದ ದಾರಿಗಳನ್ನು ನೆನೆಸಿಕೊಳ್ಳಿ. ಮುಖ್ಯರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಎಷ್ಟೋ ಕಡೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ಕೂಗಿದರೆ ಕೇಳುವಷ್ಟು ಹತ್ತಿರ ತೋಟದ ಕಾರ್ಮಿಕರ ಲೈನ್‌ಮನೆಯೂ ಇರುವುದಿಲ್ಲ. ಅಲ್ಲಿಗೆ, ಅದುವರೆಗೆ ಫೋನಿನಲ್ಲಷ್ಟೇ ಮಾತಾಡಿದ ಒಬ್ಬ ಗಂಡಸಿನೊಂದಿಗೆ, ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಒಬ್ಬಳೇ ಬರಬೇಕೆಂದು ನಾವು ಹೇಳುತ್ತಿದ್ದೇವೆ. ‘ಯಾರನ್ನೂ ಕರೆತರಬೇಡ’ ಎಂಬುದು ಕೆಟ್ಟ ಉದ್ದೇಶದವನು ಮೊದಲು ಆಡುವ ಮಾತು. ಅದೇ ಮಾತು ನಿಮ್ಮ ಬಾಯಿಂದ ಬಂದಾಗ ನೀವು ಅಂಥವರಲ್ಲವೆಂದು ಆಕೆ ಯಾವ ಗುರುತಿನಿಂದ ತಿಳಿಯಬೇಕು? ಕೆಲಸದ ಸ್ಥಳದಲ್ಲಿ ಮಹಿಳೆಯರಿಗಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ, ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಯಿಂದ ಬಂದ ದೂರು ಕೇಳಲು ಜಿಲ್ಲೆಗೊಂದು ಸ್ಥಳೀಯ ಸಮಿತಿಯ ಏರ್ಪಾಡಿದೆ. ಆದರೆ ಅದು ಆದದ್ದರ ವಿಚಾರಣೆ. ಆಗದಂತೆ ನೋಡಿಕೊಳ್ಳಲು ತೋಟದೊಳಗೆ ಆಕೆಗಿರುವುದು ಜೊತೆಗೆ ಬಂದವರೊಬ್ಬರೇ. ನಿಮ್ಮ ಮೇಲೆ ಸುಳ್ಳು ಮಾತು ಬಂದರೆ ನಿಮಗೂ ಸಾಕ್ಷಿ ಅವರೇ. ರೂಪದರ್ಶಿಗೆ 18 ತುಂಬಿಲ್ಲವಾದರೆ ಈ ಚರ್ಚೆಯೇ ಇಲ್ಲ. ತಂದೆ-ತಾಯಿಯ ಸಹಿಯಿಲ್ಲದೆ, ಅವರಲ್ಲೊಬ್ಬರು ಎದುರಿಗಿಲ್ಲದೆ ಕ್ಯಾಮೆರಾ ಹೊರಗೆ ತೆಗೆಯಬೇಡಿ.

ಜೊತೆಗಾರರಿಂದ ನನ್ನ ಕೆಲಸ ಉಳಿದದ್ದೂ ಇದೆ. ಒಮ್ಮೆ ನಾಲ್ಕುನಾಡು ಅರಮನೆಯ ಬಳಿ ಕೊಡವ ಸೀರೆಯ ಚಿತ್ರ ತೆಗೆಯುವಾಗ ಹಿಂದೆ ಸಿಕ್ಕಿಸಿದ ನೆರಿಗೆ ಸಡಿಲಗೊಂಡಿತು. ನಾನಾಗಲಿ ನನ್ನ ಸಹಾಯಕನಾಗಲಿ ಕೈಹಾಕುವ ಜಾಗವಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಯ ತಾಯಿ ಎದ್ದು ಬಂದು, ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ನೆರಿಗೆಗಳನ್ನು ಒಂದೊಂದಾಗಿ ಬೆರಳಲ್ಲಿ ಎಳೆದು ಕೂರಿಸಿ, ಬಲಹೆಗಲ ಸೆರಗನ್ನು ಸರಿಪಡಿಸಿ ತಮ್ಮ ಜಾಗಕ್ಕೆ ಹೋಗಿ ಕೂತರು. ಹುಡುಗಿಯ ಮುಖದಲ್ಲಿ ಆಗ ಬಂದ ನಿರಾಳವನ್ನು ನನ್ನ ಯಾವ ಸೂಚನೆಯೂ ತರಿಸುತ್ತಿರಲಿಲ್ಲ.

ಆ ತಾಯಿಗೂ ತೋಟದ ಅಣ್ಣನಿಗೂ ಇದ್ದ ವ್ಯತ್ಯಾಸ ಸ್ವಭಾವದ್ದು ಮಾತ್ರವಲ್ಲ. ತಾಯಿಗೆ ಎಲ್ಲಿ ಕೂರಬೇಕೆಂದು ನಾನು ಮೊದಲೇ ಹೇಳಿದ್ದೆ, ಅಣ್ಣನಿಗೆ ಹೇಳಿರಲಿಲ್ಲ. ಹಾಗಾಗಿ ಷರತ್ತು ಹಾಕುವುದಿದ್ದರೆ ಅದನ್ನು ಹಾಕಿ: ಒಬ್ಬರು ಬರಬಹುದು, ಯಾರೆಂಬುದು ಮುನ್ನಾದಿನವೇ ತಿಳಿಯಬೇಕು, ರೂಪದರ್ಶಿ ಅವರಿಗೆ ಸದಾ ಕಾಣುವಂತಿರಬೇಕು, ಅವರು ಮಾತ್ರ ಕ್ಯಾಮೆರಾದ ನೇರ ಹಿಂದೆ ನಿಲ್ಲಬಾರದು. ಆದರೆ ಆಕೆಗೆ ಇರಿಸುಮುರಿಸಾದರೆ ಕೆಲಸ ನಿಲ್ಲಿಸಿ ಎನ್ನುವ ಅಧಿಕಾರ ಅವರಿಗೆ ಪೂರ್ತಿ ಇರಲಿ.

ಪತ್ರದ ಕೊನೆಯಲ್ಲಿ, ಆ ಹುಡುಗಿಯನ್ನು ಇನ್ನು ಕೆಲಸಕ್ಕೆ ಕರೆಯುವುದಿಲ್ಲವೆಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ವಿಡಿಯೊ ಹಾಕಿದ್ದು ಅವಳಲ್ಲ, ಜೊತೆಗೆ ಎಷ್ಟು ಜನ ಬರಬಹುದೆಂದು ನೀವು ಅವಳಿಗೆ ಹೇಳಿರಲೂ ಇಲ್ಲ. ಅಂಗಡಿಯವರೊಂದಿಗೆ ಮಾತಾಡಲು ಹೋಗುವಾಗ ಅವಳನ್ನೂ, ಬಂದರೆ ಆ ಹುಡುಗನನ್ನೂ ಕರೆದುಕೊಂಡು ಹೋಗಿ. ನಡೆದದ್ದನ್ನು ಮೂವರೂ ಎದುರಿಗೆ ಕೂತು ಹೇಳಿದರೆ ತಡೆದ ಹಣದಲ್ಲಿ ಅರ್ಧವಾದರೂ ಕೈಸೇರಬಹುದು.

— ಸಂಪಾದಕ