ಹಬ್ಬದ ದಿನಗಳಲ್ಲಿ ಕೊಪ್ಪಳಕ್ಕೆ ಬರುವುದಾದರೆ ಯಾವಾಗ ಬರಬೇಕು?

ನಿಮ್ಮ ಪ್ರಶ್ನೆ ಓದಿದೆ. ಊರು ಮಂಗಳೂರು, ಕೆಲಸ ಬೆಂಗಳೂರು, ಅಕ್ಟೋಬರ್–ನವೆಂಬರ್ ನಡುವೆ ನಾಲ್ಕೈದು ದಿನ ರಜೆ ಸಿಗುತ್ತದೆ. ದಸರಾಕ್ಕೆ ಕೊಪ್ಪಳಕ್ಕೆ ಬಂದರೆ ನೋಡಲು ಏನಾದರೂ ಇದೆಯಾ, ಅಲ್ಲಿ ಪರಿಚಯದವರು ಯಾರೂ ಇಲ್ಲ ಅಂತ ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದು ಇಲ್ಲೇ, ಈಗಲೂ ಇರುವುದು ಇಲ್ಲೇ. ಹಾಗಾಗಿ ನೇರವಾಗಿ ಹೇಳುತ್ತೇನೆ. ದಸರಾನೇ ನೋಡಬೇಕು ಅಂದರೆ ಮೈಸೂರಿಗೆ ಹೋಗಿ. ಕೊಪ್ಪಳಕ್ಕೆ ಬರುವುದಾದರೆ ಹುಣ್ಣಿಮೆ ನೋಡಿಕೊಂಡು ಬನ್ನಿ.

ನಮ್ಮ ಕಡೆ ಹಬ್ಬಕ್ಕೆ ವೇದಿಕೆ ಇಲ್ಲ, ಪಾಸು ಇಲ್ಲ. ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ ನಡೆಯುತ್ತದೆ. ಮಹಾನವಮಿ, ಬನ್ನಿ ಅಂದರೆ ವಿಜಯದಶಮಿ, ಅದಾಗಿ ಐದು ದಿನಕ್ಕೆ ಸೀಗಿ ಹುಣ್ಣಿಮೆ, ಆಮೇಲೆ ದೀಪಾವಳಿ, ದೀಪಾವಳಿ ಆಗಿ ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ. ಇಷ್ಟೂ ಸೇರಿ ಹತ್ತಿರ ಹತ್ತಿರ ಒಂದೂವರೆ ತಿಂಗಳ ಹಬ್ಬ. ಇದರಲ್ಲಿ ಬೇರೆ ಕಡೆ ಸುಲಭಕ್ಕೆ ಸಿಗದೇ ಇರುವುದು ಆ ಎರಡು ಹುಣ್ಣಿಮೆಗಳೇ. ತಾರೀಕು ವರ್ಷ ವರ್ಷ ಬದಲಾಗುತ್ತದೆ, ಅಧಿಕ ಮಾಸ ಬಂದ ವರ್ಷ ಎಲ್ಲವೂ ತಡವಾಗಿ ಬರುತ್ತವೆ. ಆದ್ದರಿಂದ ಟಿಕೆಟ್ ಮಾಡುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ. ಇನ್ನೊಂದು ಮಾತು: ಲಕ್ಷಗಟ್ಟಲೆ ಜನ ಸೇರುವ ಗವಿಮಠದ ಜಾತ್ರೆ ಈ ಸಮಯದಲ್ಲಿ ಇರುವುದಿಲ್ಲ, ಅದು ಜನವರಿಗೆ. ಅದನ್ನು ತಲೆಯಲ್ಲಿಟ್ಟುಕೊಂಡು ದಸರಾಕ್ಕೆ ಬಂದು ಪೆಚ್ಚಾದವರನ್ನು ನೋಡಿದ್ದೇನೆ.

ಹಾಗಂತ ನವರಾತ್ರಿ ಸಪ್ಪೆ ಅಂತಲ್ಲ. ಆ ದಿನಗಳಲ್ಲೇ ಬರುವಂತಾದರೆ ಬೆಳಗಿನ ಜಾವ ನಾಲ್ಕೂವರೆಗೆ ಏಳಿ. ಬೇಡ ಅನ್ನಿಸುತ್ತದೆ, ಆದರೂ ಏಳಿ. ಓಣಿಯ ಹೆಂಗಸರೆಲ್ಲ ತಲೆ ಮೇಲೆ ನೀರು ಹಾಕಿಕೊಂಡು, ಕೈಯಲ್ಲಿ ಆರತಿ ತಟ್ಟೆ ಹಿಡಿದು, ಕತ್ತಲಲ್ಲೇ ಬನ್ನಿ ಗಿಡಕ್ಕೆ ನಡೆದು ಹೋಗುತ್ತಿರುತ್ತಾರೆ. ಗಿಡ ಸುತ್ತಿ, ಪೂಜೆ ಮಾಡಿ, ಬೆಳಕು ಹರಿಯುವ ಮೊದಲು ಮನೆಗೆ ವಾಪಸ್. ಈಚೆಗೆ ದಿನಕ್ಕೊಂದು ಬಣ್ಣದ ಸೀರೆ ಉಡುವ ರೂಢಿಯೂ ಬಂದಿದೆ. ನಮ್ಮ ಅತ್ತಿಗೆಗೆ ಗಿಡಕ್ಕಿಂತ ಅದರದ್ದೇ ಚಿಂತೆ ಜಾಸ್ತಿ. ಸಂಜೆ ಎಷ್ಟೋ ದೇವಿ ಗುಡಿಗಳಲ್ಲಿ ಪುರಾಣ ಹಚ್ಚಿರುತ್ತಾರೆ. ಚಿದಾನಂದಾವಧೂತರ ದೇವಿ ಪುರಾಣ ಅದು. ಒಬ್ಬರು ಷಟ್ಪದಿ ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಜೊತೆಗೆ ತಬಲಾ, ಪೇಟಿ (ಹಾರ್ಮೋನಿಯಂ). ಯಾರು ಬೇಕಾದರೂ ಹೋಗಿ ಚಾಪೆ ಮೇಲೆ ಕೂರಬಹುದು. ಕೊನೆಗೆ ಪ್ರಸಾದಕ್ಕೆ ಕೂರಿಸದೆ ಕಳಿಸುವುದಿಲ್ಲ.

ವಿಜಯದಶಮಿ ಸಂಜೆ ಮಾತ್ರ ಹೊರಗಿನವರಿಗೂ ಬಾಗಿಲು ತಾನಾಗಿ ತೆರೆಯುತ್ತದೆ. ಬನ್ನಿ ಮುಡಿದು ಬಂದ ಮೇಲೆ ಎಲ್ಲರೂ ಎಲ್ಲರಿಗೂ ಬನ್ನಿ ಎಲೆ ಕೊಡುತ್ತಾರೆ. ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ, ಓರಗೆಯವರು ಅಪ್ಪಿಕೊಳ್ಳುತ್ತಾರೆ. “ಬನ್ನಿ ತಗೊಂಡು ಬಂಗಾರದಂಗ ಇರೋಣ” ಅನ್ನುವುದು ಆವತ್ತಿನ ಮಾತು. ವರ್ಷವಿಡೀ ಮಾತು ಬಿಟ್ಟವರು ಆವತ್ತು ಮುಖ ನೋಡಲೇಬೇಕಾಗುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ: ಮಾರ್ಕೆಟ್ಟಿನಲ್ಲಿ ಒಂದು ಹಿಡಿ ಬನ್ನಿ ತೆಗೆದುಕೊಂಡು ಜೇಬಿಗೆ ಹಾಕಿಕೊಳ್ಳಿ. ಲಾಡ್ಜಿನ ಮ್ಯಾನೇಜರಿಗೆ, ಚಹಾದಂಗಡಿಯವರಿಗೆ, ಆಟೋದವರಿಗೆ ನೀವೇ ಮೊದಲು ಕೊಡಿ. “ಯಾವೂರ್ರಿ ನಿಮ್ದು?” ಅಂತ ಕೇಳಿದರೆ ಅರ್ಧ ಕೆಲಸ ಆಯಿತು ಅಂತಲೇ ಅರ್ಥ.

ಆನೆ, ಮೆರವಣಿಗೆ ಬೇಕೇ ಬೇಕು ಅನ್ನುವವರಿಗೆ ಗಂಗಾವತಿ ತಾಲ್ಲೂಕಿನ ಹೇಮಗುಡ್ಡ ಇದೆ. ಅಲ್ಲಿ ದುರ್ಗಾಪರಮೇಶ್ವರಿಯನ್ನು ಆನೆ ಮೇಲೆ ಮೆರೆಸುತ್ತಾರೆ. ಗುಡ್ಡದ ನಡುವಿನ ಹಳೇ ಕೋಟೆ, ಸುತ್ತ ಹಳ್ಳಿಯ ಜನ. ಹೊಳೆ ದಾಟಿ ಹಂಪಿಗೂ ಹೋಗಿ ಬರಬಹುದು, ಹೊಸಪೇಟೆ ಇಲ್ಲಿಂದ ಒಂದು ಗಂಟೆ ದಾರಿ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, 1520ರ ಸುಮಾರಿಗೆ ಬಂದ ಪೋರ್ಚುಗೀಸರ ದೊಮಿಂಗೊ ಪಾಯೆಸ್, ಇಬ್ಬರೂ ವಿಜಯನಗರದ ಮಹಾನವಮಿ ಕಂಡು ಬೆರಗಾಗಿ ಬರೆದಿಟ್ಟಿದ್ದಾರೆ. ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ್ದು 1610ರಲ್ಲಿ. ಅಂದರೆ ಮೈಸೂರು ದಸರಾದ ತವರು ನಮ್ಮ ಹೊಳೆಯ ಆಚೆ ದಡ. ಮಹಾನವಮಿ ದಿಬ್ಬದ ಮೇಲೆ ಹತ್ತುವ ಅವಸರದಲ್ಲಿ ಜನ ಅದರ ಪಕ್ಕದ ಗೋಡೆ ನೋಡುವುದೇ ಇಲ್ಲ. ಕೆಳಗೆ ನಿಂತು ಸುತ್ತು ಹಾಕಿ. ಆನೆ, ಕುದುರೆ, ಬೇಟೆ, ಕುಣಿತ ಎಲ್ಲ ಸಾಲಾಗಿ ಕೆತ್ತಿದ್ದಾರೆ. ಹಬ್ಬದ ಮೆರವಣಿಗೆ ಹೇಗಿತ್ತು ಅನ್ನುವುದಕ್ಕೆ ಅಷ್ಟು ಸಾಕು.

ಇನ್ನು ಸೀಗಿ ಹುಣ್ಣಿಮೆ. ಕರಾವಳಿಯವರಿಗೆ ಇದು ಗೊತ್ತಿರುವುದು ಕಡಿಮೆ. ಮುಂಗಾರಿ ಬೆಳೆ ಕೈಗೆ ಬರುವ ಹೊತ್ತು, ಹಿಂಗಾರಿ ಜೋಳ, ಕಡಲೆ ಬಿತ್ತುವ ಹೊತ್ತು. ಭೂಮಿ ತುಂಬಿದ ಬಸುರಿ ಅಂತ ನಮ್ಮವರ ಲೆಕ್ಕ. ಬಸುರಿಗೆ ಬಯಕೆ ಊಟ ಹಾಕಬೇಕಲ್ವಾ? ಅದಕ್ಕೇ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮೊದಲೆಲ್ಲ ಚಕ್ಕಡಿ, ಈಗ ಟ್ರ್ಯಾಕ್ಟರ್, ಬೈಕು. ಯಲಬುರ್ಗಾ, ಕುಕನೂರು ಕಡೆಯ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಆವತ್ತು ಎಲ್ಲಿ ನೋಡಿದರೂ ಜನ.

ಹೊಲದಲ್ಲಿ ಐದು ಕಲ್ಲು ಆಯ್ದು, ಸುಣ್ಣ ಹಚ್ಚಿ, ಸಾಲಾಗಿ ಕೂರಿಸುತ್ತಾರೆ. ಅವರು ಪಾಂಡವರು. ಮುಂದೆ ಬಾಳೆ ಎಲೆ ಹಾಸಿ ಬುತ್ತಿಯಲ್ಲಿ ಇರುವುದನ್ನೆಲ್ಲ ಸ್ವಲ್ಪ ಸ್ವಲ್ಪ ಎಡೆ ಹಿಡಿಯುತ್ತಾರೆ. ಪೂಜೆ ಆದ ಮೇಲೆ ಮನೆಯ ಹಿರಿಯರು ಎಲ್ಲ ಅಡುಗೆಯನ್ನೂ ಒಂದು ಬುಟ್ಟಿಯಲ್ಲಿ ಕಲಸಿಕೊಂಡು ಹೊಲದ ಬದು ಹಿಡಿದು ಸುತ್ತ ಚೆಲ್ಲುತ್ತಾ ಹೋಗುತ್ತಾರೆ. ಅದೇ ಚರಗ. ಒಬ್ಬರು ಮುಂದೆ ಚೆಲ್ಲುತ್ತಿದ್ದರೆ ಹಿಂದೆ ಹುಡುಗರು ನೀರಿನ ತಂಬಿಗೆ ಹಿಡಿದು ಕೂಗುತ್ತಾ ಓಡುತ್ತಾರೆ. ಹಕ್ಕಿಗೂ, ಇರುವೆಗೂ, ಭೂಮಿಗೂ ಪಾಲು ಮುಟ್ಟಿದ ಮೇಲೆಯೇ ನಮ್ಮ ಊಟ.

ಊಟದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಕ್ಷಮಿಸಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಟಕ್ ಅನ್ನುವ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ, ಕಾಳು ಪಲ್ಯ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ), ಕೆನೆ ಮೊಸರು. ಸಿಹಿಗೆ ಶೇಂಗಾ ಹೋಳಿಗೆ, ಕರಿಗಡಬು. ಕೊನೆಗೆ ಬುತ್ತಿಯ ಮೊಸರನ್ನ. ಮೊದಲ ಸಲ ತಿನ್ನುವವರು ರೊಟ್ಟಿ ಮುರಿಯಲು ಎರಡೂ ಕೈ ಹಾಕುತ್ತಾರೆ, ಯಾರೂ ನಗುವುದಿಲ್ಲ. ಹಿಂಡಿಗೆ ಹಸಿ ಎಣ್ಣೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಗಂಟಲಿಗೆ ಹಿಡಿಯುತ್ತದೆ. ಖಾರ ನಿಮ್ಮ ಕಡೆಯ ಖಾರದಂತಲ್ಲ, ತೆಂಗಿನಕಾಯಿ ನಿಮ್ಮನ್ನು ಕಾಪಾಡಲು ಬರುವುದಿಲ್ಲ.

ಪರಿಚಯ ಇಲ್ಲದವರು ಯಾರ ಹೊಲಕ್ಕೆ ಹೋಗುವುದು ಅಂತ ಕೇಳುತ್ತೀರಿ. ಹಿಂದಿನ ದಿನ ಲಾಡ್ಜಿನಲ್ಲಿ, ಖಾನಾವಳಿಯಲ್ಲಿ ಸುಮ್ನೆ ಕೇಳಿ: “ನಾಳೆ ಚರಗಕ್ಕೆ ಹೋಗ್ತೀರಾ? ನಾನೂ ಬರಲಾ?” ಪೇಟೆಯಲ್ಲಿ ಕೆಲಸ ಮಾಡುವ ಎಷ್ಟೋ ಜನರಿಗೆ ಹಳ್ಳಿಯಲ್ಲಿ ಹೊಲ ಇರುತ್ತದೆ. ಆಗಲಿಲ್ಲ ಅಂದರೂ ಚಿಂತೆ ಇಲ್ಲ. ಮಧ್ಯಾಹ್ನ ಹನ್ನೆರಡರ ಮೇಲೆ ಕುಕನೂರು ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಬದುವಿನ ಹತ್ತಿರ ನಿಂತರೆ ಸಾಕು. “ಬರ್ರಿ ಸರ, ಊಟ ಮಾಡಿ ಹೋಗ್ರಿ, ಚರಗದ ದಿನ ಹಸಗೊಂಡು ಹೋಗಬಾರದು” ಅಂತ ಯಾರಾದರೂ ಕರೆದೇ ಕರೆಯುತ್ತಾರೆ. ಒಂದೇ ಸಲಕ್ಕೆ ಹೂಂ ಅನ್ನಬೇಡಿ, ಎರಡನೇ ಸಲಕ್ಕೆ ಅನ್ನಿ. ಮೂರನೇ ಸಲವೂ ಬೇಡ ಅಂದರೆ ಅವರಿಗೆ ಬೇಜಾರಾಗುತ್ತದೆ. ದುಡ್ಡು ಕೊಡಲು ಹೋಗಬೇಡಿ. ಮಕ್ಕಳಿಗೆ ಹಣ್ಣು, ಬಿಸ್ಕತ್ತು ಒಯ್ದರೆ ಆಯಿತು. ಮಳೆ ಆಗಿದ್ದರೆ ಎರೆ ಮಣ್ಣು ಚಪ್ಪಲಿಗೆ ಹತ್ತಿ ಕಾಲು ಎತ್ತಲು ಬಿಡುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದೇ ವಾಸಿ. ಊಟ ಆದ ಮೇಲೆ ಇನ್ನೊಂದು ಸಲಹೆ: ಇಟಗಿ ಮಹಾದೇವ ದೇವಾಲಯ ಅಲ್ಲಿಂದ ಹತ್ತಿರ. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಸಂಜೆ ಬಿಸಿಲಿಗೆ ಹೋದರೆ ಕಂಬಗಳನ್ನು ನೋಡುತ್ತಾ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ದೀಪಾವಳಿ ಎಲ್ಲ ಕಡೆ ಇರುವುದೇ, ಅದಕ್ಕಾಗಿ ಇಲ್ಲಿಗೆ ಬನ್ನಿ ಅನ್ನಲಾರೆ. ಜವಾಹರ ರಸ್ತೆಯ ಅಂಗಡಿ ಪೂಜೆಗಳು ಚೆನ್ನಾಗಿರುತ್ತವೆ, ಪಟಾಕಿ ಸದ್ದು ಮಾತ್ರ ವಿಪರೀತ. ಪಾಡ್ಯದ ಬೆಳಿಗ್ಗೆ ಮನೆ ಮುಂದೆ ಸಗಣಿಯ ಪಾಂಡವರನ್ನು ಇಟ್ಟಿರುತ್ತಾರೆ, ನೆತ್ತಿಗೆ ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಗಿಸಿ. ಲಂಬಾಣಿ ತಾಂಡಾದವರ ಪರಿಚಯ ಯಾರಾದರೂ ಮಾಡಿಸಿದರೆ ಮಾತ್ರ ಅಮಾವಾಸ್ಯೆ ರಾತ್ರಿ ಅಲ್ಲಿಗೆ ಹೋಗಿ. ಮದುವೆಯಾಗದ ಹುಡುಗಿಯರು ದೀಪ ಹಿಡಿದು ಹಾಡುತ್ತಾ ಮನೆ ಮನೆಗೆ ಹೋಗುವ ಮೇರಾ ನೋಡುವಂಥದ್ದು. ಆದರೆ ಅದು ಅವರ ಮನೆಯ ಹಬ್ಬ. ಕರೆಯದೆ ಕ್ಯಾಮೆರಾ ಹಿಡಿದು ನುಗ್ಗಬಾರದು.

ಈಗ ಗೌರಿ ಹುಣ್ಣಿಮೆ. ನನ್ನನ್ನು ಕೇಳಿದರೆ ನಿಮ್ಮ ರಜೆ ಇದಕ್ಕೇ ಇಡಿ. ಗೌರಿ ಹಬ್ಬ ಅಂದರೆ ಗಣಪತಿಯ ಹಿಂದಿನ ದಿನ ಅಂತ ನೀವು ತಿಳಿದಿರಬಹುದು, ನಮ್ಮಲ್ಲಿ ಗೌರಿ ಬರುವುದು ಕಾರ್ತಿಕದ ಹುಣ್ಣಿಮೆಗೆ. ಅದರ ಗುರುತೇ ಸಕ್ಕರೆ ಆರತಿ, ಅಂದರೆ ಸಕ್ಕರೆ ಗೊಂಬೆಗಳನ್ನು ಇಟ್ಟು ಬೆಳಗುವ ಆರತಿ. ದೀಪಾವಳಿ ಮುಗಿಯುತ್ತಿದ್ದಂತೆ ಪೇಟೆಯಲ್ಲಿ ಸಕ್ಕರೆ ಗೊಂಬೆ ಹಾಕುವ ಕೆಲಸ ಶುರುವಾಗುತ್ತದೆ. ಮನೆಯಲ್ಲೂ ಹಾಕುವವರಿದ್ದಾರೆ. ನಮ್ಮ ಪಕ್ಕದ ಮನೆ ಅಮ್ಮನ ಹತ್ತಿರ ಅವರ ಅತ್ತೆಯ ಕಾಲದ ಸಾಗವಾನಿ ಅಚ್ಚುಗಳಿವೆ. ಓಣಿಯವರೆಲ್ಲ ಅವರನ್ನೇ ಕೇಳಿ ತರುವುದು.

ಹಾಕುವುದನ್ನು ನೋಡಲು ಸಿಕ್ಕರೆ ಬಿಡಬೇಡಿ. ಅಚ್ಚುಗಳನ್ನು ಮೊದಲೇ ನೀರಲ್ಲಿ ನೆನೆ ಹಾಕಿರುತ್ತಾರೆ, ಇಲ್ಲದಿದ್ದರೆ ಸಕ್ಕರೆ ಮರಕ್ಕೆ ಅಂಟುತ್ತದೆ. ಎರಡು ಹೋಳು ಜೋಡಿಸಿ ದಾರದಿಂದ ಬಿಗಿಯಾಗಿ ಕಟ್ಟುತ್ತಾರೆ. ಸಕ್ಕರೆ ಕುದಿಯುವಾಗ ಚೂರು ಹಾಲು ಹಾಕಿ, ಮೇಲೆ ಬಂದ ಕೊಳೆ ತೆಗೆಯುತ್ತಾರೆ. ಪಾಕ ಹದಕ್ಕೆ ಬಂದ ಮೇಲೆ ಸೌಟಿನಿಂದ ಪಾತ್ರೆಯ ಬದಿಗೆ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ, ತಡ ಮಾಡದೆ ಅಚ್ಚಿನ ತೂತಿಗೆ ಸುರಿಯುತ್ತಾರೆ. ಒಂದು ಗಳಿಗೆ ಹೆಚ್ಚಾದರೆ ಪಾಕ ಪಾತ್ರೆಯಲ್ಲೇ ಗಟ್ಟಿ. ಆರಿದ ಮೇಲೆ ದಾರ ಬಿಚ್ಚಿದರೆ ಒಳಗಿಂದ ಆನೆ, ನವಿಲು, ಗಿಳಿ, ಬಸವಣ್ಣ, ತೇರು ಹೊರಗೆ ಬರುತ್ತವೆ. ಬಿಳಿ, ಹಳದಿ, ಗುಲಾಬಿ ಬಣ್ಣ. ಅಂಚಿನಲ್ಲಿ ಉಳಿದ ಸಕ್ಕರೆಯ ಚೂರು ಹುಡುಗರ ಪಾಲು.

ಹುಣ್ಣಿಮೆ ಸಂಜೆ ಹೆಣ್ಣುಮಕ್ಕಳು ರೇಷ್ಮೆ ಸೀರೆ, ಲಂಗ ಉಟ್ಟು, ತಟ್ಟೆಯಲ್ಲಿ ಈ ಗೊಂಬೆ ಜೋಡಿಸಿ, ನಡುವೆ ದೀಪ ಹಚ್ಚಿ ಗೌರಮ್ಮನ ಹತ್ತಿರ ಹೋಗುತ್ತಾರೆ. ಹಾಡು, ಕೋಲಾಟ ಇರುತ್ತದೆ. ನಿಶ್ಚಯ ಆದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸೀರೆ, ಹೂವಿನ ದಂಡೆ, ಸಕ್ಕರೆ ಆರತಿ ತರುತ್ತಾರೆ. ಎಷ್ಟು ದೊಡ್ಡ ತೇರು ತಂದರು ಅಂತ ಓಣಿಯೆಲ್ಲ ಅಳೆಯುತ್ತದೆ. ಫೋಟೋ ತೆಗೆಯುವ ಮುಂಚೆ ಅಲ್ಲಿರುವ ಹಿರಿಯ ಹೆಂಗಸರನ್ನು “ಅಮ್ಮಾ, ತೆಗೀಲಾ?” ಅಂತ ಕೇಳಿ. ಕೇಳಿದರೆ ಅವರೇ ಸಾಲಾಗಿ ನಿಲ್ಲಿಸುತ್ತಾರೆ. ಕೇಳದೆ ತೆಗೆದರೆ ಬೈಗುಳ ಖಚಿತ.

ಬರುವ ದಾರಿ: ಬೆಂಗಳೂರಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬಳ್ಳಾರಿ, ಹೊಸಪೇಟೆ ದಾಟಿ ಬೆಳಿಗ್ಗೆ ಕೊಪ್ಪಳ. ಹಬ್ಬದ ವಾರ ಸೀಟು ಸಿಗುವುದು ಕಷ್ಟ, ಮೊದಲೇ ಮಾಡಿಸಿ. ಊರಲ್ಲೇ ಉಳಿದುಕೊಳ್ಳಿ. ಆನೆಗುಂದಿ, ಹೊಸಪೇಟೆ ಕಡೆ ರಜೆಗೆ ಬಂದವರ ನೂಕುನುಗ್ಗಲು, ರೂಮಿನ ಬಾಡಿಗೆಯೂ ಏರಿರುತ್ತದೆ. ಹುಣ್ಣಿಮೆ ದಿನ ಮುನಿರಾಬಾದ್ ಹತ್ತಿರದ ಹುಲಿಗಿಗೆ ಹುಲಿಗೆಮ್ಮನ ದರ್ಶನಕ್ಕೆ ವಿಪರೀತ ಜನ ಬರುತ್ತಾರೆ. ಆ ಕಡೆಯ ಬಸ್ಸು, ರೈಲು ತುಂಬಿ ತುಳುಕುತ್ತವೆ. ಹುಲಿಗಿಗೆ ಹೋಗಬೇಕಿದ್ದರೆ ಬೇರೆ ದಿನ ಹೋಗಿ. ಮಧ್ಯೆ ಒಂದು ಹೊತ್ತು ಬಿಡುವಾದರೆ ಕಿನ್ನಾಳಕ್ಕೆ ಹೋಗಿ ಬನ್ನಿ. ಹಗುರ ಮರದ ಬಣ್ಣದ ಗೊಂಬೆ ಮಾಡುವ ಚಿತ್ರಗಾರರ ಮನೆಗಳಿವೆ, ಕೆಲಸ ಮಾಡುವುದನ್ನು ಕೂತು ನೋಡಬಹುದು. ಸಂಜೆಗೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ. ಯಾವ ಗಾಡಿ ಅಂತ ಹೆಸರು ಹೇಳುವುದಿಲ್ಲ. ಎಣ್ಣೆ ಬಾಣಲೆ ಸುತ್ತ ಎಲ್ಲಿ ಜನ ನಿಂತಿದ್ದಾರೋ ಅಲ್ಲಿ ನಿಲ್ಲಿ.

ಸಕ್ಕರೆ ಗೊಂಬೆ ಮಂಗಳೂರಿಗೆ ಒಯ್ಯುವ ಆಸೆ ಆಗುತ್ತದೆ. ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಸ್ಟೀಲ್ ಡಬ್ಬಿಯ ತಳಕ್ಕೆ ಮಂಡಕ್ಕಿ ಹಾಕಿ, ಗೊಂಬೆ ಇಟ್ಟು, ಮೇಲೆ ಮತ್ತೆ ಮಂಡಕ್ಕಿ ತುಂಬಿ ಮುಚ್ಚಳ ಬಿಗಿ ಮಾಡಿ. ತೇರು ಬೇಡ, ಕಳಸ ಮುರಿಯುತ್ತದೆ. ಆನೆ, ಬಸವಣ್ಣ ಗಟ್ಟಿ. ನಿಮ್ಮ ಕಡೆಯ ಹವೆಗೆ ಬೇಗ ಬೆವರುತ್ತವೆ, ಷೋಕೇಸಿನಲ್ಲಿ ಇಡುವ ಯೋಚನೆ ಮಾಡಬೇಡಿ. ಊರು ಮುಟ್ಟಿದ ವಾರದೊಳಗೇ ಒಡೆದು ಹಾಲಿಗೋ ಚಹಾಕ್ಕೋ ಹಾಕಿಬಿಡಿ.