ಹಿತ್ತಿಲ ಮರದ ಹೆಸರೇನು?

ಪ್ರಶ್ನೆ: ಹೋದ ವರ್ಷ ಮೈಸೂರಿನಲ್ಲಿ ಒಂದು ಹಳೇ ಮನೆ ಕೊಂಡೆವು. ಹಿತ್ತಿಲಲ್ಲಿ ಎರಡು ಮಾವಿನ ಮರ ಇವೆ. ಒಂದು ಗಿಡ್ಡ, ಅಗಲಕ್ಕೆ ಹರಡಿದೆ. ಇನ್ನೊಂದು ಮಹಡಿ ಮನೆಗಿಂತ ಎತ್ತರ. ಮೊದಲು ಇದ್ದವರಿಗೂ ಯಾವ ಜಾತಿ ಅಂತ ಗೊತ್ತಿಲ್ಲ. ಗಿಡ್ಡ ಮರ ರಸಪುರಿ ಅಂತಾರೆ ಪಕ್ಕದ ಮನೆಯವರು, ಬಾದಾಮಿ ಅಂತಾರೆ ನಮ್ಮ ಮಾವನವರು. ಎಲೆಯ ಫೋಟೊ ಕಳಿಸಿದ್ದೇನೆ, ನೋಡಿ ಹೇಳ್ತೀರಾ? ಎತ್ತರದ ಮರ ಕಾಡುಮಾವು ಇರಬೇಕು, ಕಡಿಸೋಣ ಅಂತಿದ್ದೇವೆ.
– ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಕಡಿಸಬೇಡಿ. ಒಂದು ಫಸಲನ್ನಾದರೂ ಬಾಯಿಗೆ ಹಾಕಿಕೊಂಡು ನೋಡಿ, ಆಮೇಲೆ ಯೋಚನೆ ಮಾಡಿ.

ಎಲೆ ನೋಡಿ ಇದು ಮಾವು ಅಂತ ಹೇಳಬಹುದು, ಯಾವ ಮಾವು ಅಂತ ಹೇಳೋಕಾಗಲ್ಲ. ಒಂದೇ ಮರದಲ್ಲೇ ಚಿಗುರೆಲೆ ಒಂದು ಥರ, ಬಲಿತ ಎಲೆ ಇನ್ನೊಂದು ಥರ ಇರುತ್ತೆ. ಮೊದಲು ಬುಡ ನೋಡಿ. ನೆಲದಿಂದ ಗೇಣು, ಒಂದೂವರೆ ಗೇಣು ಎತ್ತರದಲ್ಲಿ ಕಾಂಡ ಸ್ವಲ್ಪ ಊದಿಕೊಂಡು, ಅದರ ಮೇಲೆ ಒಂದು ಥರ ತೊಗಟೆ, ಕೆಳಗೆ ಇನ್ನೊಂದು ಥರ ತೊಗಟೆ ಇದ್ದರೆ ಅದು ಕಸಿ ಕಟ್ಟಿದ ಜಾಗ. ನಿಮ್ಮ ಗಿಡ್ಡ ಮರದಲ್ಲಿ ಅದು ಸಿಗುತ್ತೆ ಅನಿಸುತ್ತೆ. ಕಸಿ ಮರವಾದರೆ ಅದಕ್ಕೆ ಖಂಡಿತ ಒಂದು ಹೆಸರಿದೆ. ಆ ಹೆಸರು ಹಣ್ಣಲ್ಲಿ ಸಿಗುತ್ತೆ.

ಹಣ್ಣು ಮರದಲ್ಲೇ ಬಲಿಯಲಿ. ಕಿತ್ತು ಹುಲ್ಲಲ್ಲಿಟ್ಟು ಮಾಗಿಸಿ, ಒಂದನ್ನು ಕೊಯ್ಯಿರಿ. ತಿರುಳು ಗಟ್ಟಿ, ನಾರಿಲ್ಲ, ಹೋಳು ಹೋಳಾಗಿ ಬರುತ್ತೆ ಅಂದರೆ ಬಾದಾಮಿ ಇರಬಹುದು (ಧಾರವಾಡದ ಕಡೆ ಆಪೂಸ್ ಅನ್ನೋದೂ ಇದನ್ನೇ). ಹೊರಗೆ ಚೆನ್ನಾಗಿದ್ದು, ಓಟೆಯ ಸುತ್ತ ತಿರುಳು ಬೆಳ್ಳಗೆ ಸ್ಪಂಜಿನ ಹಾಗಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತೆ, ಅದು ಬಾದಾಮಿಗೆ ಅಂಟಿದ ಕಾಯಿಲೆ. ಕೊಯ್ಯೋಕೆ ಹೋದರೆ ಕೈಯೆಲ್ಲಾ ರಸ ಆಗಿ, ಹಿಂಡಿ ಸೀಕರಣೆ ಮಾಡೋದೇ ವಾಸಿ ಅನಿಸಿದರೆ ನಿಮ್ಮ ಪಕ್ಕದ ಮನೆಯವರು ಗೆದ್ದರು. ಉದ್ದನೆ ದಪ್ಪ ಹಣ್ಣು, ಓಟೆ ಮಾತ್ರ ತೆಳ್ಳಗೆ, ಉಳಿದ ಮರಗಳೆಲ್ಲಾ ಖಾಲಿ ಆದ ಮೇಲೆ ಹಣ್ಣಾಗುತ್ತೆ ಅಂದರೆ ಮಲ್ಲಿಕಾ ಇರಬಹುದು. ನೀಲಂ ಮತ್ತು ದಶೇರಿ ಸೇರಿಸಿ ಮಾಡಿದ ತಳಿ ಅದು. ತೋತಾಪುರಿಗಂತೂ ಗಿಣಿ ಮೂತಿ ಇದೆಯಲ್ಲ, ಯಾರನ್ನೂ ಕೇಳಬೇಕಿಲ್ಲ. ಹಣ್ಣು ಬಂದ ತಿಂಗಳು ಬರೆದಿಡಿ, ಓಟೆ ಒಣಗಿಸಿಡಿ. ಮುಂದಿನ ಸಲ ಫೋಟೊ ಕಳಿಸುವಾಗ ಇಡೀ ಹಣ್ಣು, ಉದ್ದಕ್ಕೆ ಕೊಯ್ದ ಹಣ್ಣು, ಓಟೆ ಮೂರೂ ಇರಲಿ.

ಎತ್ತರದ ಮರ ಬಹುಶಃ ಯಾರೋ ಹಣ್ಣು ತಿಂದು ಎಸೆದ ಓಟೆಯಿಂದ ಎದ್ದದ್ದು. ಬಾದಾಮಿ ಓಟೆ ನೆಟ್ಟರೆ ಬಾದಾಮಿಯೇ ಬರಲ್ಲ, ಯಾಕಂದರೆ ಹೂವಿಗೆ ಪರಾಗ ಬೇರೆ ಮರದಿಂದ ಬಂದಿರುತ್ತೆ. ಕರಾವಳಿಯ ಕೆಲವು ಜಾತಿಗಳಲ್ಲಿ ಮಾತ್ರ ಒಂದೇ ಓಟೆಯಿಂದ ಎರಡು ಮೂರು ಸಸಿ ಏಳುತ್ತವೆ, ಅವು ಹೆಚ್ಚಾಗಿ ತಾಯಿಯ ಹಾಗೇ ಇರುತ್ತವೆ. ಹಾಗಾಗಿ ನಿಮ್ಮ ಮರಕ್ಕೆ ಹೆಸರು ಹುಡುಕಿದರೂ ಸಿಗಲಿಕ್ಕಿಲ್ಲ, ಅಂಥ ಮರ ಲೋಕದಲ್ಲಿ ಅದೊಂದೇ. ಅದಕ್ಕೇ ಕಡಿಸಬೇಡಿ ಅಂದೆ. ಮಲೆನಾಡಿನ ಅಪ್ಪೆಮಿಡಿ ಮರಗಳೂ ಹೊಳೆ ದಂಡೆಯಲ್ಲಿ ತಾವಾಗೇ ಹುಟ್ಟಿದವು, ಅನಂತಭಟ್ಟನ ಅಪ್ಪೆ ಅಂತ ಒಬ್ಬರ ಹೆಸರಲ್ಲೇ ಉಳಿದ ಮಿಡಿಯೂ ಇದೆ. ನಿಮ್ಮದರಲ್ಲೂ ಮಿಡಿ ಮುರಿದು ಸೊನೆ ಮೂಸಿ ನೋಡಿ. ಘಮ ಇದ್ದರೆ ಉಪ್ಪಿನಕಾಯಿಗೆ ಆಗುತ್ತೆ. ರುಚಿ ಹಿಡಿಸಿದರೆ ಕಡ್ಡಿ ಕೊಟ್ಟು ಎರಡು ಕಸಿ ಮಾಡಿಸಿ.

ಪ್ರಶ್ನೆ: ನರ್ಸರಿಯಲ್ಲಿ ಮೋಸಂಬಿ ಅಂತ ಕೊಂಡ ಗಿಡ ನಾಲ್ಕು ವರ್ಷಕ್ಕೆ ಕಿತ್ತಳೆ ಬಣ್ಣದ ಪುಟ್ಟ ಹಣ್ಣು ಬಿಟ್ಟಿದೆ. ವಿಪರೀತ ಹುಳಿ, ಮುಳ್ಳೂ ಜಾಸ್ತಿ. ನಮಗೆ ಮೋಸ ಆಯ್ತಾ?
– ಓದುಗರೊಬ್ಬರು, ಹಾಸನ

ಉತ್ತರ: ಮೋಸ ಅಂತ ಈಗಲೇ ಹೇಳಬೇಡಿ. ಮೋಸಂಬಿಯನ್ನು ರಂಗಪುರ ನಿಂಬೆಯಂಥ ಗಟ್ಟಿ ಬೇರಿನ ಗಿಡದ ಮೇಲೆ ಕಸಿ ಮಾಡ್ತಾರೆ. ಕಸಿ ಗಂಟಿನ ಕೆಳಗೆ ಎದ್ದ ಚಿಗುರನ್ನು ಕೀಳದೆ ಬಿಟ್ಟರೆ ಅದೇ ಬೆಳೆದು ಮೇಲಿನ ಮೋಸಂಬಿಯನ್ನು ಸಾಯಿಸಿಬಿಡುತ್ತೆ. ಸಿಪ್ಪೆ ಸಡಿಲ ಇದೆಯಾ? ಹಾಗಾದರೆ ನೀವು ತಿಂದದ್ದು ರಂಗಪುರ ನಿಂಬೆಯೇ ಇರಬೇಕು. ಬುಡದ ಮಣ್ಣು ಸರಿಸಿ ನೋಡಿ. ಗಂಟಿನ ಮೇಲೆ ಇನ್ನೂ ಒಂದು ಹಸಿ ಕೊಂಬೆ ಉಳಿದಿದ್ದರೆ, ಕೆಳಗಿನ ಚಿಗುರನ್ನೆಲ್ಲಾ ಬುಡಸಮೇತ ತೆಗೆದುಹಾಕಿ, ಮೋಸಂಬಿ ಮತ್ತೆ ಎದ್ದೇಳುತ್ತೆ. ಉಳಿದಿಲ್ಲ ಅಂದರೂ ಗಿಡ ಕೀಳಬೇಡಿ, ಆ ಹುಳಿ ಹಣ್ಣಿನ ಪಾನಕ ಚೆನ್ನಾಗಿರುತ್ತೆ.